ಇಳಿಯುವವನು ಏಕೆ ದಾರಿ ಬಿಡಬೇಕು?

ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಆಸ್ಟ್ರೇಲಿಯಾದಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ಬಾರಿ ರಜೆಯಲ್ಲಿ ಊರಿಗೆ ಬಂದಾಗ ನನ್ನನ್ನು ಕಾಣಲು ಬಂದಿದ್ದ. ಮಾತಿನ ನಡುವೆ ತನ್ನ ಹವ್ಯಾಸದ ಬಗ್ಗೆ ಹೇಳಿದ. ದಪ್ಪ ಟಯರು, ಗಟ್ಟಿ ಬ್ರೇಕು, ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಆಸರೆ ಇರುವ ಸೈಕಲ್ಲುಗಳಲ್ಲಿ ಬೆಟ್ಟಗಾಡಿನ ದಾರಿಗಳನ್ನು ಏರಿ ಇಳಿಯುವುದು ಅವನಿಗೆ ಬಹಳ ಇಷ್ಟ. ಇದಕ್ಕೆಂದೇ ಕಾಡಿನ ನಡುವೆ ಮಣ್ಣು ಕಡಿದು ಮಾಡಿದ ದಾರಿಗಳು ಅಲ್ಲಿವೆ. ಹೊರಡುವ ಮುನ್ನ ಒಂದು ಪ್ರಶ್ನೆ ಕೇಳಿದ:

"ಫಾದರ್, ಕಿರಿದಾದ ದಾರಿಯಲ್ಲಿ ಒಬ್ಬ ಏರುತ್ತಾ, ಇನ್ನೊಬ್ಬ ಇಳಿಯುತ್ತಾ ಎದುರಾದರೆ ಇಳಿಯುವವನೇ ನಿಂತು ದಾರಿ ಬಿಡಬೇಕು ಅಂತ ನಿಯಮ. ನಾನೂ ಬೆವರು ಸುರಿಸಿ ಹತ್ತಿದವನೇ ಅಲ್ವಾ? ನಾನು ಯಾಕೆ ಬಿಡಬೇಕು?"

ನಾನು ಆ ಹೊತ್ತಿಗೆ ಏನೋ ಹೇಳಿ ಕಳುಹಿಸಿದೆ. ಆದರೆ ಪ್ರಶ್ನೆ ನನ್ನಲ್ಲೇ ಉಳಿಯಿತು. ಇಂದು ಅದನ್ನು ನಿಮ್ಮೊಂದಿಗೆ ಕುಳಿತು ಯೋಚಿಸಬೇಕೆನಿಸಿದೆ.

ಮೊದಲು ಈ ನಿಯಮದ ಹಿನ್ನೆಲೆಯನ್ನು ತಿಳಿಯೋಣ. ಬೆಟ್ಟದ ಸೈಕಲ್ ಸವಾರಿ ಇಂದಿನ ರೂಪಕ್ಕೆ ಬಂದದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರದೇಶದಲ್ಲಿ. ಅಲ್ಲಿನ ಕೆಲವು ಯುವಕರು ಹಳೆಯ, ಭಾರವಾದ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಒಯ್ದು ರಭಸದಿಂದ ಇಳಿಯುತ್ತಿದ್ದರು. 1976ರಲ್ಲಿ ಅವರು ಪಂದ್ಯಗಳನ್ನೂ ಆರಂಭಿಸಿದರು. ಒಮ್ಮೆ ಇಳಿದು ಮುಗಿಸುವಷ್ಟರಲ್ಲಿ ಬ್ರೇಕಿನೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಪ್ರತಿ ಬಾರಿಯೂ ಹೊಸದಾಗಿ ಗ್ರೀಸು ತುಂಬಬೇಕಾಗುತ್ತಿತ್ತು. ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂದದ್ದೇ ಹೀಗೆ. ಸವಾರರ ಸಂಖ್ಯೆ ಬೆಳೆದಂತೆ ಅದೇ ದಾರಿಗಳಲ್ಲಿ ನಡೆಯುವವರಿಗೂ ಕುದುರೆ ಸವಾರರಿಗೂ ಅವರೊಡನೆ ಜಗಳ ಶುರುವಾಯಿತು. ಹಲವು ದಾರಿಗಳು ಸೈಕಲ್ಲಿಗೆ ಮುಚ್ಚಿಹೋದವು. ಆಗ ಸವಾರರೇ ಎಚ್ಚೆತ್ತು 1988ರಲ್ಲಿ ಅಂತಾರಾಷ್ಟ್ರೀಯ ಬೆಟ್ಟ ಸೈಕಲ್ ಸಂಘವನ್ನು ಕಟ್ಟಿದರು. ಈ ಸಂಘ ಪ್ರಚಾರ ಮಾಡುವ ನಿಯಮಗಳಲ್ಲಿ ಇವೂ ಸೇರಿವೆ: ದಾರಿಯ ಮೇಲೆ ಗುರುತು ಉಳಿಸಬೇಡ; ಪ್ರಾಣಿಗಳನ್ನು ಬೆದರಿಸಬೇಡ; ನಡೆಯುವವರಿಗೆ ದಾರಿ ಬಿಡು; ಇಳಿಯುವಾಗ ಏರುವವನಿಗೆ ದಾರಿ ಬಿಡು.

ಕೊನೆಯ ಮಾತು ನಮಗೆ ಹೊಸದಲ್ಲ. ನಮ್ಮ ದೇಶದ 1989ರ ರಸ್ತೆ ನಿಯಮಾವಳಿಯಲ್ಲೂ ಇದು ಇತ್ತು: ಬೆಟ್ಟದ ಇಕ್ಕಟ್ಟಾದ ದಾರಿಯಲ್ಲಿ ಇಳಿಯುವ ವಾಹನವು ಏರುವ ವಾಹನಕ್ಕೆ ಆದ್ಯತೆ ಕೊಡಬೇಕು. ಚಾರ್ಮಾಡಿಯಲ್ಲಿ, ಆಗುಂಬೆಯಲ್ಲಿ ಲಾರಿ ಓಡಿಸುವ ಚಾಲಕನನ್ನು ಕೇಳಿ ನೋಡಿ, ಕಾರಣವನ್ನೂ ಹೇಳುತ್ತಾನೆ. ಹೇರು ಹೊತ್ತು ಏರುವ ಗಾಡಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಕಷ್ಟ. ಸೈಕಲ್ ಸವಾರನ ಸ್ಥಿತಿಯೂ ಇದೇ. ಏರುವವನ ಕಣ್ಣು ತನ್ನ ಮುಂದಿನ ಎರಡು ಮೊಳ ನೆಲದ ಮೇಲೆ, ಅಲ್ಲಿನ ಕಲ್ಲು ಬೇರುಗಳ ಮೇಲೆ ನೆಟ್ಟಿರುತ್ತದೆ. ಅವನ ಉಸಿರು ಲೆಕ್ಕದಲ್ಲಿರುತ್ತದೆ. ಇಳಿಯುವವನಿಗೆ ದೂರದವರೆಗೆ ಕಾಣುತ್ತದೆ, ಮತ್ತೆ ಹೊರಡಲು ಬೆಟ್ಟವೇ ಅವನನ್ನು ತಳ್ಳುತ್ತದೆ.

ನಮ್ಮ ಯುವಕನ ಆಕ್ಷೇಪ ಮಾತ್ರ ಹಗುರವಾದುದಲ್ಲ. 'ಈ ಇಳಿಜಾರು ನನ್ನ ಸಂಪಾದನೆ' ಎನ್ನುತ್ತಾನೆ ಅವನು. ಸೆಮಿನರಿಯಲ್ಲಿ ನಾವು ಕಲಿತ ಪಾಠದಂತೆ, ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯ. ಹಾಗಾದರೆ ಬೆವರು ಸುರಿಸಿದವನಿಗೆ ಅದರ ಫಲ ಸಲ್ಲಬೇಡವೇ? ಸಲ್ಲಬೇಕು. ಇಳಿಯುವ ಸಂತೋಷವನ್ನು ಅವನಿಂದ ಯಾರೂ ಕಸಿದುಕೊಳ್ಳುತ್ತಿಲ್ಲ, ಒಂದು ನಿಮಿಷ ನಿಲ್ಲು ಎನ್ನುತ್ತಿದ್ದಾರೆ ಅಷ್ಟೆ. ನಿಂತರೆ ಅವನು ಕಳೆದುಕೊಳ್ಳುವುದು ಸ್ವಲ್ಪ ಹೊತ್ತು. ಏರುವವನು ಕಳೆದುಕೊಳ್ಳುವುದು ತನ್ನ ಶಕ್ತಿಯನ್ನು. ಇಬ್ಬರ ನಷ್ಟವೂ ಸಮವಲ್ಲದಿರುವಾಗ ಇಬ್ಬರಿಗೂ ಸಮವಾದ ನಿಯಮ ಮಾಡುವುದು ನ್ಯಾಯವಾಗಲಾರದು. ಅಲ್ಲದೆ, ಏರುವ ಕಷ್ಟವನ್ನು ಬೆಳಿಗ್ಗೆ ತಾನೇ ಉಂಡವನು ಮಧ್ಯಾಹ್ನಕ್ಕೆ ಅದನ್ನು ಮರೆತರೆ, ಆ ಬೆವರು ಅವನಿಗೆ ಏನು ಕಲಿಸಿದಂತಾಯಿತು?

ಇನ್ನೊಂದು ಆಕ್ಷೇಪವೂ ಇದೆ: 'ವೇಗವಾಗಿ ಬರುವವನು ನಿಲ್ಲುವುದು ಕಷ್ಟ, ನಿಧಾನ ಬರುವವನು ನಿಲ್ಲುವುದು ಸುಲಭ. ಸುಲಭವಿದ್ದವನೇ ಬಿಡಲಿ.' ಕೇಳಲು ಸರಿ ಎನಿಸುತ್ತದೆ. ಆದರೆ ವೇಗವನ್ನು ಆರಿಸಿಕೊಂಡವನು ಯಾರು? ತಾನೇ ತಂದುಕೊಂಡ ಅಸಹಾಯಕತೆಯನ್ನು ಮುಂದಿಟ್ಟು ಇನ್ನೊಬ್ಬನ ಮೇಲೆ ಕರ್ತವ್ಯ ಹೊರಿಸುವುದು ನೀತಿಯಲ್ಲ. ನಿಲ್ಲಲಾಗದಷ್ಟು ವೇಗವೇ ಅಲ್ಲಿನ ತಪ್ಪು. ಅಂಥ ಸವಾರನು ತಿರುವಿನಲ್ಲಿ ತಟ್ಟನೆ ಬ್ರೇಕು ಹಾಕಿದಾಗ ಹಿಂದಿನ ಚಕ್ರ ಕಚ್ಚಿಕೊಂಡು ನೆಲವನ್ನು ಉಳುತ್ತದೆ. ಮುಂದಿನ ಮಳೆಯ ನೀರು ಆ ಗೀರಿನಲ್ಲೇ ಇಳಿದು ದಾರಿ ಕೊರಕಲಾಗುತ್ತದೆ. ತೋಟದಲ್ಲಿ ಬಸಿಗಾಲುವೆ ತೆಗೆದು ಮಣ್ಣು ಉಳಿಸಿಕೊಳ್ಳುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗೆಂದು ವೇಗದ ಸಂತೋಷವೇ ಪಾಪವೆಂದು ನಾನು ಹೇಳುತ್ತಿಲ್ಲ. ಆಟವು ಮನಸ್ಸಿಗೆ ವಿಶ್ರಾಂತಿ, ಹಿತಮಿತವಾದ ವಿನೋದವು ಒಂದು ಸದ್ಗುಣ ಎಂದು ಸಂತ ಥಾಮಸ್ ಅಕ್ವಿನಾಸರೇ ಬೋಧಿಸಿದ್ದಾರೆ. ಇಳಿಯುವುದಕ್ಕೆ ಮಾತ್ರ ಎಂದು ಫಲಕ ಹಾಕಿದ ದಾರಿಗಳೂ ಇವೆ. ಅಲ್ಲಿ ಎದುರು ಬರುವವರಿಲ್ಲ, ಈ ನಿಯಮವೂ ಬೇಕಿಲ್ಲ. ಆದರೆ ನಮ್ಮ ಬದುಕಿನ ಹೆಚ್ಚಿನ ದಾರಿಗಳು ಎರಡೂ ಕಡೆಯವರು ನಡೆಯುವ ದಾರಿಗಳು.

ಈ ಯುವಕ ಹೋಗಿಬಂದ ಊರುಗಳಲ್ಲಿ ತಸ್ಮಾನಿಯಾ ದ್ವೀಪದ ಡರ್ಬಿ ಒಂದು. ಒಂದು ಕಾಲದಲ್ಲಿ ಅದು ತವರದ ಗಣಿಯ ಊರು. 1929ರ ಏಪ್ರಿಲಿನಲ್ಲಿ ಮಹಾಮಳೆಗೆ ಗಣಿಯ ಅಣೆಕಟ್ಟು ಒಡೆದು 14 ಮಂದಿ ಸತ್ತರು. ಮುಂದೆ ಗಣಿಯೂ ಮುಚ್ಚಿತು, ಜನರೂ ಊರು ಬಿಟ್ಟರು. ಸಾವಿರಾರು ಜನರಿದ್ದಲ್ಲಿ ಇನ್ನೂರರ ಆಸುಪಾಸಿನಷ್ಟು ಮಂದಿ ಉಳಿದರು. 2015ರಲ್ಲಿ ಸರ್ಕಾರದ ಹಣದಿಂದ ಸುತ್ತಲಿನ ಕಾಡಿನಲ್ಲಿ ಸೈಕಲ್ ದಾರಿಗಳು ತೆರೆದವು. ಎರಡೇ ವರ್ಷದಲ್ಲಿ ಅಂತಾರಾಷ್ಟ್ರೀಯ ಪಂದ್ಯವೂ ಅಲ್ಲಿ ನಡೆಯಿತು. ಮುಚ್ಚಿದ ಅಂಗಡಿಗಳ ಬಾಗಿಲು ತೆರೆಯಿತು, ಕೆಲಸ ಸಿಕ್ಕಿತು. ಇದು ಒಳ್ಳೆಯದೇ. ಆದರೆ ಮನೆಗಳ ಬೆಲೆಯೂ ಏರಿತು. ಹಲವು ಮನೆಗಳು ಪ್ರವಾಸಿಗರು ತಂಗುವ ಬಾಡಿಗೆ ಮನೆಗಳಾದವು. ಆ ಊರಿನಲ್ಲೇ ದುಡಿದು ಬದುಕಬೇಕೆಂಬವನಿಗೆ ಮನೆ ಸಿಗುವುದು ಕಷ್ಟವಾಯಿತು.

ಇಲ್ಲಿಯೂ ಅದೇ ಪ್ರಶ್ನೆ ಎದ್ದು ನಿಲ್ಲುತ್ತದೆ. ಎರಡು ದಿನದ ಸಂತೋಷಕ್ಕೆ ಬಂದವನು ಇಳಿಯುವವನು. ವರ್ಷವಿಡೀ ಅಲ್ಲಿ ಜೀವನ ಸಾಗಿಸುವವನು ಏರುವವನು. ಬಂದವನ ಹಣ ಊರಿಗೆ ಬೇಕು, ನಿಜ. ಆದರೆ ಹಣ ಕೊಟ್ಟ ಮಾತ್ರಕ್ಕೆ ದಾರಿ ಅವನದಾಗುವುದಿಲ್ಲ. ಮಲೆನಾಡಿನ ನಮ್ಮ ಊರುಗಳಿಗೂ ಶನಿವಾರ ಭಾನುವಾರ ಜೀಪು, ಬೈಕುಗಳು ಸಾಲಾಗಿ ಬರುತ್ತಿವೆ. ನಮ್ಮಲ್ಲೇ ಕೆಲವರು ಮನೆಯನ್ನು ಹೋಂಸ್ಟೇ ಮಾಡಿದ್ದೇವೆ. ಅತಿಥಿಗೆ ಬೆಟ್ಟದ ದಾರಿ ತೋರಿಸುವಾಗ, ಆ ದಾರಿಯಲ್ಲಿ ಸೌದೆ ಹೊತ್ತು ಬರುವವಳಿದ್ದಾಳೆ, ಗಾಡಿ ನಿಧಾನ ಮಾಡಿ ಎಂದು ಹೇಳುವ ಹೊಣೆ ನಮ್ಮದಲ್ಲವೇ?

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ಮಾತನ್ನು ಮುಚ್ಚಿಡಲಾರೆ. ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನು ಒಂದು ಗುಡ್ಡಗಾಡಿನ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಒಂದು ಸಂಜೆ ಉಪಕೇಂದ್ರದ ಬಲಿಪೂಜೆಗೆ ತಡವಾಗಿತ್ತು. ಬೈಕಿನಲ್ಲಿ ಮಣ್ಣಿನ ದಾರಿ ಇಳಿಯುತ್ತಿದ್ದೆ. ಎದುರಿನಿಂದ ಮುದುಕರೊಬ್ಬರು ಸೈಕಲ್ಲಿನ ಮೇಲೆ ಹಿಂಡಿಯ ಮೂಟೆ ಹೇರಿಕೊಂಡು, ಅದನ್ನು ತಳ್ಳುತ್ತಾ ಏರಿ ಬರುತ್ತಿದ್ದರು. ನಾನು ಹಾರ್ನು ಹೊಡೆದೆ. ಅವರು ಗಡಿಬಿಡಿಯಿಂದ ಚರಂಡಿಯ ಕಡೆಗೆ ಸರಿದರು. ಸೈಕಲ್ ಮಗುಚಿತು, ಮೂಟೆ ಬಿತ್ತು. ಕನ್ನಡಿಯಲ್ಲಿ ನಾನು ಅದನ್ನು ನೋಡಿದೆ, ಆದರೂ ನಿಲ್ಲಲಿಲ್ಲ. ಅರ್ಧ ಗಂಟೆಯ ಬಳಿಕ ಪರಪ್ರೀತಿಯ ಬಗ್ಗೆ ಪ್ರಬೋಧನೆ ಮಾಡಿದೆ.

ಸಂತ ಲೂಕರ ಶುಭಸಂದೇಶದಲ್ಲಿ ಒಳ್ಳೆಯ ಸಮಾರಿಯನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಅದರಲ್ಲಿ ಒಂದು ಸಣ್ಣ ವಿವರವಿದೆ. ಜೆರುಸಲೇಮ್ ಬೆಟ್ಟದ ಮೇಲಿನ ಪಟ್ಟಣ. ಜೆರಿಕೋ ಸಮುದ್ರಮಟ್ಟಕ್ಕಿಂತಲೂ ಕೆಳಗಿರುವ ಕಣಿವೆ. ಗಾಯಗೊಂಡವನನ್ನು ಕಂಡೂ ಬದಿಗೆ ಸರಿದು ಹೋದ ಯಾಜಕ ಆ ದಾರಿಯಲ್ಲಿ ಇಳಿದು ಹೋಗುತ್ತಿದ್ದ. ಅದನ್ನು ಓದುವಾಗಲೆಲ್ಲ ನನಗೆ ನನ್ನ ಬೈಕು ನೆನಪಾಗುತ್ತದೆ. ನಾನು ಪಾಪನಿವೇದನೆ ಮಾಡಿದೆ, ಕ್ಷಮೆಯೂ ದೊರೆಯಿತು. ಆದರೆ ಆ ಮೂಟೆಯನ್ನು ಎತ್ತಿಕೊಟ್ಟವರು ಯಾರೋ, ನಾನಂತೂ ಅಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯೂ ಒಂದು ಕಿರುದಾರಿಯೇ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾಲ ಇಳಿಜಾರು, ಒಂದೊಂದು ಕಾಲ ಏರು. ಕೆಲಸ ಕಳೆದುಕೊಂಡ ತಮ್ಮ, ಮಂಡಿ ನೋವಿನ ಅತ್ತೆ, ಲೆಕ್ಕ ತಲೆಗೆ ಹತ್ತದ ಮಗಳು, ಮೂರು ತಿಂಗಳ ಮಗುವಿನೊಡನೆ ರಾತ್ರಿಯಿಡೀ ಎಚ್ಚರವಿರುವ ಸೊಸೆ, ಇವರೆಲ್ಲ ಏರುತ್ತಿರುವವರು. 'ನಾನೂ ಕಷ್ಟಪಟ್ಟೇ ಮೇಲೆ ಬಂದವನು' ಎಂದು ಅವರ ಮುಂದೆ ಹಾರ್ನು ಹೊಡೆಯುವುದು ಸುಲಭ. ಈ ವಾರ ಊಟಕ್ಕೆ ಕೂತಾಗ ಒಮ್ಮೆ ಸುತ್ತ ನೋಡಿ: ನಮ್ಮಲ್ಲಿ ಈಗ ಏರುತ್ತಿರುವವರು ಯಾರು? ಅವರಿಗಾಗಿ ನೀವು ಎಲ್ಲಿ ಬ್ರೇಕು ಹಾಕಬಹುದು?

ಆ ಯುವಕನಿಗೆ ಈ ಲೇಖನದ ಪ್ರತಿಯೊಂದನ್ನು ಕಳುಹಿಸುತ್ತಿದ್ದೇನೆ. ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಷ್ಟು ದಿನ ಬೇಕಾಯಿತು.