ಸಲಹೆ ಕೊಟ್ಟವರು ಮತ್ತು ಅದನ್ನು ಹೊತ್ತವರು

ನಮ್ಮ ತಿಪಟೂರಿನ ಕಡೆ ಕೊಬ್ಬರಿ ಮಾಡುವುದು ಅವಸರದ ಕೆಲಸವಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು-ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತದೆ. ಆಮೇಲೆ ಸುಲಿದು, ಒಡೆದು, ಚೀಲಕ್ಕೆ ತುಂಬಿ ಮಾರುಕಟ್ಟೆಗೆ ತರುತ್ತಾರೆ. ನನ್ನ ಅಪ್ಪ ಅಲ್ಲಿನ ಒಂದು ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಊರಿನವರಿಗೆಲ್ಲ ಅವರು ‘ರೈಟರ್ ಸಾರ್’.

ರೈತರು ಅಪ್ಪನ ಹತ್ತಿರ ಒಂದೇ ಪ್ರಶ್ನೆ ತರುತ್ತಿದ್ದರು. ‘ಸಾ, ಈ ವಾರ ಮಾರಿಬಿಡ್ಲಾ, ಇನ್ನೊಂದು ತಿಂಗಳು ಇಡ್ಲಾ?’ ಅಪ್ಪ ತಕ್ಷಣ ಉತ್ತರ ಹೇಳುತ್ತಿರಲಿಲ್ಲ. ‘ಮನೇಲಿ ಮದುವೆ ಗಿದುವೆ ಐತಾ? ಸೊಸೈಟಿ ಸಾಲ ಎಷ್ಟೈತೆ?’ ಎಂದು ಕೇಳಿ, ನಂತರ ಒಂದು ಮಾತು ಹೇಳುತ್ತಿದ್ದರು. ಎಷ್ಟೋ ಸಲ ಅದು ತಪ್ಪಾಗುತ್ತಿತ್ತು. ಮಾರಿದ ಮುಂದಿನ ವಾರವೇ ರೇಟು ಏರುತ್ತಿತ್ತು. ಆಗ ಅದೇ ರೈತ ಬಂದು ಮಂಡಿ ಬಾಗಿಲಲ್ಲೇ ನಿಂತು ಬೈಯುತ್ತಿದ್ದ. ಅಪ್ಪ ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳುತ್ತಿದ್ದರು. ಮನೆಗೆ ಬಂದು ಅಮ್ಮನ ಹತ್ತಿರ, ‘ಹೇಳಿದ್ದು ನಾನೇ ಅಲ್ವಾ, ಬೈಸ್ಕೊಳ್ಳೋನೂ ನಾನೇ’ ಎನ್ನುತ್ತಿದ್ದರು. ಆ ಮಾತಿನಲ್ಲಿ ಯೋಚಿಸುವಂಥದ್ದು ಏನಾದರೂ ಇದೆ ಎಂದು ನನಗೆ ಆಗ ಅನ್ನಿಸಿರಲಿಲ್ಲ.

ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ಕ್ಯಾಟ್ ಬರೆದು, ದೇಶದ ಹೆಸರಾದ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದಕ್ಕೆ ಸೇರಿದೆ. ಎರಡು ವರ್ಷದ ಶುಲ್ಕವೇ 20 ಲಕ್ಷ ದಾಟಿತ್ತು. ಬ್ಯಾಂಕಿನ ಕಾಗದಕ್ಕೆ ಅಪ್ಪ ಸಹಿ ಹಾಕಿದ ದಿನ ಅವರ ಕೈ ಒಂದು ಕ್ಷಣ ನಿಂತಿದ್ದು ನನಗಿನ್ನೂ ನೆನಪಿದೆ. ಅಲ್ಲಿಗೆ ಹೋದ ಮೊದಲ ತಿಂಗಳಲ್ಲೇ ಒಂದು ವಿಷಯ ತಿಳಿಯಿತು. ಸಾಲ ಬೇಗ ತೀರಬೇಕಾದರೆ ಇರುವ ದಾರಿಗಳು ಕೆಲವೇ. ಅವುಗಳಲ್ಲಿ ಎಲ್ಲರೂ ಬಯಸುವುದು ಕನ್ಸಲ್ಟಿಂಗ್. ಅಂದರೆ ಕಂಪನಿಗಳಿಗೆ ಸಲಹೆ ಹೇಳುವ ಕೆಲಸ.

ಆ ಕೆಲಸಕ್ಕೆ ತಯಾರಾಗುವುದೇ ಒಂದು ವಿದ್ಯೆ. ಸಂಜೆ ಊಟವಾದ ಮೇಲೆ ಇಬ್ಬಿಬ್ಬರು ಕೂತು ‘ಕೇಸ್’ ಬಿಡಿಸುತ್ತಿದ್ದೆವು. ಒಂದು ಸಿಮೆಂಟ್ ಕಂಪನಿಯ ಲಾಭ ಕುಸಿದಿದೆ, ಯಾಕೆ? ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ದೋಸೆ ಮಾರಾಟವಾಗುತ್ತವೆ? ಉತ್ತರಕ್ಕಿಂತ ಪ್ರಶ್ನೆಯನ್ನು ಹೇಗೆ ಭಾಗ ಮಾಡುತ್ತೀರಿ ಎನ್ನುವುದು ಮುಖ್ಯ. ಮಾಡಿದ ಭಾಗಗಳು ಒಂದರ ಮೇಲೊಂದು ಬೀಳಬಾರದು, ಯಾವುದೂ ಹೊರಗೆ ಉಳಿಯಬಾರದು. ಈ ಸೂತ್ರವನ್ನು ರೂಢಿಗೆ ತಂದ ಬಾರ್ಬರಾ ಮಿಂಟೊ 1963ರಲ್ಲಿ ಮೆಕಿನ್ಸಿ ಸೇರಿದರು. ಎಂಬಿಎ ಮಾಡಿ ಆ ಸಂಸ್ಥೆ ಸೇರಿದ ಮೊದಲ ಮಹಿಳೆ ಅವರು. ಅದು ನಿಜಕ್ಕೂ ಒಳ್ಳೆಯ ಸೂತ್ರ. ಗೋಜಲಾದ ಒಂದು ಸಂಗತಿ ಕಣ್ಣೆದುರೇ ಬಿಡಿಸಿಕೊಳ್ಳುವಾಗ ಆಗುವ ಖುಷಿ ಗಣಿತದ ಖುಷಿಗೆ ಹತ್ತಿರದ್ದು. ಅದನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ.

ತರಗತಿಯಲ್ಲೂ ಕೇಸುಗಳೇ. ಭಾರತದ ಮೊದಲ ಎರಡು ಐಐಎಂಗಳು 1961ರಲ್ಲಿ ಕಲ್ಕತ್ತಾ ಮತ್ತು ಅಹಮದಾಬಾದಿನಲ್ಲಿ ಶುರುವಾದವು. ಅಹಮದಾಬಾದಿನದಕ್ಕೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಜೊತೆಗೂಡಿತ್ತು. ಕೇಸ್ ಮೂಲಕ ಪಾಠ ಹೇಳುವ ಕ್ರಮಕ್ಕೆ ನಮ್ಮಲ್ಲಿ ಬೇರು ಸಿಕ್ಕಿದ್ದು ಹಾಗೆ. ಪ್ರತಿ ಕೇಸಿನಲ್ಲೂ ಒಬ್ಬ ಮ್ಯಾನೇಜರ್ ಇರುತ್ತಾನೆ, ಅವನು ಒಂದು ತೀರ್ಮಾನ ಮಾಡಬೇಕಾಗಿರುತ್ತದೆ. ನಾವು ಅವನ ಕುರ್ಚಿಯಲ್ಲಿ ಕೂತು ಯೋಚಿಸಬೇಕು. ಎರಡು ವರ್ಷ, ನೂರಾರು ಕೇಸು. ನಾನು ಒಮ್ಮೆಯೂ ಬೇರೆ ಕುರ್ಚಿಯಲ್ಲಿ ಕೂರಲಿಲ್ಲ, ಕೂರಬೇಕೆಂದು ಹೊಳೆಯಲೂ ಇಲ್ಲ.

ಹಾಗೆ ಓದಿದ್ದರಲ್ಲಿ ಫ್ರೆಡ್ರಿಕ್ ಟೇಲರ್ 1911ರ ತನ್ನ ಪುಸ್ತಕದಲ್ಲಿ ಹೇಳುವ ಷ್ಮಿಟ್‌ನ ಕತೆಯೂ ಇತ್ತು. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣದ ಗಟ್ಟಿ ಹೊರುತ್ತಿದ್ದ ಆ ಕೂಲಿಯಾಳು, ಟೇಲರ್ ಹೇಳಿದಂತೆ ನಡೆದು ಕೂತು 47 ಟನ್ ಹೊತ್ತನಂತೆ. ಅವನ ದಿನಗೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಹೊತ್ತ ಭಾರ ಸುಮಾರು ನಾಲ್ಕು ಪಟ್ಟು, ಕೂಲಿ ಏರಿದ್ದು ನೂರಕ್ಕೆ ಅರವತ್ತರಷ್ಟು. ಷ್ಮಿಟ್ ಆಡಿದ ಮಾತೂ ಆ ಪುಸ್ತಕದಲ್ಲಿದೆ. ಆದರೆ ಅದು ನಮಗೆ ಸಿಗುವುದು ಟೇಲರ್ ಬರೆದಂತೆ. ನಾವು ಅದನ್ನು ಉತ್ಪಾದಕತೆಯ ಪಾಠವೆಂದು ಓದಿ ಮುಂದೆ ಹೋದೆವು.

ಮೊದಲ ವರ್ಷ ಮುಗಿದು ಬೇಸಿಗೆಯಲ್ಲಿ ಎಂಟು ವಾರ ಒಂದು ಕನ್ಸಲ್ಟಿಂಗ್ ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ. ಮನೆಬಳಕೆಯ ಸಾಮಾನು ಮಾಡುವ ಒಂದು ಕಂಪನಿಗೆ ದೇಶದ ತುಂಬ ಗೋದಾಮುಗಳಿದ್ದವು. ಜಿಎಸ್‌ಟಿ ಬರುವ ಮುಂಚೆ ರಾಜ್ಯಕ್ಕೊಂದು ಗೋದಾಮು ಇಟ್ಟುಕೊಂಡರೆ ತೆರಿಗೆಯಲ್ಲಿ ಉಳಿತಾಯವಾಗುತ್ತಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಕಾರಣ ಉಳಿಯಲಿಲ್ಲ. ಗೋದಾಮುಗಳು ಮಾತ್ರ ಉಳಿದಿದ್ದವು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮುಚ್ಚಬೇಕು? ಅದರ ಪಟ್ಟಿ ಮಾಡುವುದು ನಮ್ಮ ತಂಡದ ಕೆಲಸ. ಕೆಲವು ಗೋದಾಮುಗಳನ್ನು ಕಣ್ಣಾರೆ ನೋಡಿ ಬರಲು ನನ್ನನ್ನು ಕಳಿಸಿದರು.

ಅವುಗಳಲ್ಲಿ ಒಂದು ವಿದರ್ಭದ ಒಂದು ಸಣ್ಣ ಊರಿನಲ್ಲಿತ್ತು. ಅಲ್ಲಿನ ಸ್ಟೋರ್‌ಕೀಪರ್‌ಗೆ ಐವತ್ತು ದಾಟಿತ್ತು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೇ ತಿಂಗಳ ಆ ಬಿಸಿಲಲ್ಲಿ ನನಗೆ ಮಜ್ಜಿಗೆ ತರಿಸಿಕೊಟ್ಟರು. ತಮ್ಮ ರಿಜಿಸ್ಟರ್ ತೆಗೆದು ಒಂದೊಂದನ್ನೂ ವಿವರಿಸಿದರು. ನಾನು ಅವರ ಮಗಳ ವಯಸ್ಸಿನವಳೆಂದು ಎರಡು ಸಲ ಹೇಳಿದರು. ದಿನದಲ್ಲಿ ಎಷ್ಟು ಹೊತ್ತು ಇಲ್ಲಿ ಕೆಲಸವಿರುವುದಿಲ್ಲ ಎಂದು ಕೇಳಿದೆ. ಅವರು ಒಂಚೂರೂ ಮುಚ್ಚಿಡಲಿಲ್ಲ. ‘ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಲಾರಿಯೇ ಬರೋದಿಲ್ಲ ಮಗಳೇ, ನಾವು ಸುಮ್ಮನೆ ಕೂತಿರ್ತೀವಿ’ ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ನಾನು ಬರೆದುಕೊಂಡೆ.

ಕಂಪನಿಯ ಕಂಪ್ಯೂಟರಿನಲ್ಲಿ ಆ ಅಂಕಿ ಇರಲಿಲ್ಲ. ನನ್ನ ಹಾಳೆಗೆ ಬೇಕಾಗಿದ್ದುದು ಅದೇ. ಪಟ್ಟಿಯಲ್ಲಿ ಎಲ್ಲೋ ನಡುವೆ ಇದ್ದ ಆ ಗೋದಾಮು, ಆ ನಾಲ್ಕು ಗಂಟೆ ಸೇರಿದ ಕೂಡಲೇ ಮುಚ್ಚುವವುಗಳ ಸಾಲಿಗೆ ಇಳಿಯಿತು. ‘ಒಳ್ಳೆ ಒಳನೋಟ’ ಎಂದು ನನ್ನ ಮೇಲಿನವರು ಹೊಗಳಿದರು. ಅಂತಿಮ ವರದಿಯಲ್ಲಿ ಅದು ಒಂದು ಬಣ್ಣದ ಪಟ್ಟಿಯ ಹನ್ನೊಂದನೇ ಗೆರೆ. ಬೇಸಿಗೆ ಮುಗಿಯುವಾಗ ನನಗೆ ಅಲ್ಲಿಯೇ ಕೆಲಸ ಖಾಯಂ ಎಂಬ ಪತ್ರ ಬಂತು.

ನಾನು ಮಾಡಿದ್ದು ತಪ್ಪೇ? ಈ ಪ್ರಶ್ನೆಗೆ ಸುಲಭದ ಉತ್ತರಗಳು ಎರಡೂ ಕಡೆ ಸಿಗುತ್ತವೆ. ನನಗೆ ಎರಡೂ ಸಾಲಲಿಲ್ಲ.

ನಾನು ಸುಳ್ಳು ಬರೆಯಲಿಲ್ಲ. ಲೆಕ್ಕ ಸರಿಯಾಗಿತ್ತು. ಅಷ್ಟು ಗೋದಾಮುಗಳನ್ನು ಹೊತ್ತುಕೊಂಡು ಆ ಕಂಪನಿ ಬಹಳ ದಿನ ನಡೆಯುತ್ತಿರಲಿಲ್ಲ. ಅದೇ ನಿಂತುಹೋದರೆ ಕಾಕಾ ಒಬ್ಬರ ಕೆಲಸವಲ್ಲ, ಸಾವಿರಾರು ಜನರ ಕೆಲಸ ಹೋಗುತ್ತಿತ್ತು. ಹೊರಗಿನವರಿಗೆ ಕಾಣುವುದು ಒಳಗಿನವರಿಗೆ ಕಾಣುವುದಿಲ್ಲ ಎಂಬ ಮಾತಿನಲ್ಲಿಯೂ ಸತ್ಯವಿದೆ. ‘ದಡದಲ್ಲಿ ನಿಂತು ಈಜು ಹೇಳಿಕೊಡುವವರು’ ಎಂದು ಈ ವೃತ್ತಿಯನ್ನು ಹಂಗಿಸುವುದು ಸುಲಭ. ಆದರೆ ಸುಳಿ ಎಲ್ಲಿದೆ ಎನ್ನುವುದು ಕೆಲವೊಮ್ಮೆ ಕಾಣುವುದು ದಡದಿಂದಲೇ.

ಸಲಹೆ ಹೇಳುವವರು ಅದರ ಫಲವನ್ನೂ ಉಣ್ಣಬೇಕು ಎಂದು ಹಟ ಹಿಡಿಯುವುದೂ ಆಗದು. ವೈದ್ಯರಿಗೆ ರೋಗಿಯ ನೋವು ಬರುವುದಿಲ್ಲ, ವಕೀಲರು ಕಕ್ಷಿದಾರನ ಬದಲು ಜೈಲಿಗೆ ಹೋಗುವುದಿಲ್ಲ. ಹಾಗಂತ ಅವರ ವೃತ್ತಿಯನ್ನು ಅನೈತಿಕ ಎನ್ನುತ್ತೇವೆಯೇ? ಈ ವಾದವನ್ನು ಹಿಡಿದುಕೊಂಡು ನಾನು ಎರಡು ತಿಂಗಳು ನೆಮ್ಮದಿಯಾಗಿದ್ದೆ.

ನಿಧಾನವಾಗಿ ಅದರಲ್ಲಿದ್ದ ಬಿರುಕು ಕಂಡಿತು. ವೈದ್ಯರ ಮುಂದೆ ಬಂದು ಕೂರುವವನೇ ಶುಲ್ಕ ಕೊಡುವವನು, ಮಾತ್ರೆ ನುಂಗುವವನೂ ಅವನೇ. ಬೇಡವೆಂದು ಎದ್ದುಹೋಗುವ ಹಕ್ಕೂ ಅವನದು. ವಕೀಲರ ವಾದದಿಂದ ಏಟು ತಿನ್ನುವ ಎದುರಾಳಿಗೆ ಅವನದೇ ಒಬ್ಬ ವಕೀಲ ಇರುತ್ತಾನೆ, ಮೇಲೆ ನ್ಯಾಯಾಧೀಶರಿರುತ್ತಾರೆ. ನಮ್ಮ ಕೆಲಸದಲ್ಲಿ ದುಡ್ಡು ಕೊಟ್ಟು ಸಲಹೆ ಕೇಳುವವರು ಒಬ್ಬರು, ಅದನ್ನು ಮೈಮೇಲೆ ಹೊರುವವರು ಇನ್ನೊಬ್ಬರು. ಹೊರುವವರ ಪರವಾಗಿ ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಯಾವುದೂ ಹೊರಗೆ ಉಳಿಯಬಾರದು ಎಂಬ ಸೂತ್ರ ಇಟ್ಟುಕೊಂಡು ಮಾಡಿದ ಹಾಳೆಯಲ್ಲಿ ಹೊರಗೆ ಉಳಿದದ್ದು ಕಾಕಾ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಗೋದಾಮು ಮುಚ್ಚಿದ್ದು ಯಾರು ಎಂದು ಕೇಳಿದರೆ ನಮ್ಮ ಸಂಸ್ಥೆ, ‘ನಾವು ಸಲಹೆ ಮಾತ್ರ ಕೊಟ್ಟೆವು, ತೀರ್ಮಾನ ಅವರದು’ ಎನ್ನುತ್ತದೆ. ಕಂಪನಿ, ‘ಪರಿಣತರು ಹೇಳಿದ್ದಾರೆ, ನಾವೇನು ಮಾಡುವುದು’ ಎನ್ನುತ್ತದೆ. ಎರಡೂ ನಿಜವೇ. ಆದರೆ ಆ ಎರಡು ನಿಜಗಳ ಸಂದಿಯಲ್ಲಿ ಹೊಣೆ ಎಲ್ಲೋ ಬಿದ್ದುಹೋಗುತ್ತದೆ. ಕೆಲವೊಮ್ಮೆ ಕಂಪನಿಗಳು ನಮ್ಮನ್ನು ಕರೆಯುವುದೇ ಇದಕ್ಕೆ. ಏನು ಮಾಡಬೇಕು ಎಂದು ಅವರಿಗೆ ಮೊದಲೇ ಗೊತ್ತಿರುತ್ತದೆ. ತಾವು ಮಾಡಿದೆವು ಎಂದು ಹೇಳಿಕೊಳ್ಳದೆ ಮಾಡುವ ದಾರಿ ಬೇಕಾಗಿರುತ್ತದೆ.

ಬಿದ್ದ ಹೊಣೆಯನ್ನು ಕಾನೂನು ಎತ್ತಿಕೊಟ್ಟ ಉದಾಹರಣೆಗಳು ಅಪರೂಪ, ಆದರೆ ಇಲ್ಲದಿಲ್ಲ. ಅಮೆರಿಕದಲ್ಲಿ ಚಟ ಹಿಡಿಸುವ ಓಪಿಯಾಯ್ಡ್ ನೋವಿನ ಮಾತ್ರೆಗಳ ಮಾರಾಟ ಹೆಚ್ಚಿಸಲು ಔಷಧ ಕಂಪನಿಗಳಿಗೆ ಸಲಹೆ ಕೊಟ್ಟ ವಿಷಯದಲ್ಲಿ ಮೆಕಿನ್ಸಿ 2021ರಲ್ಲಿ 573 ಮಿಲಿಯನ್ ಡಾಲರ್ ಕೊಟ್ಟು ರಾಜ್ಯಗಳ ಜೊತೆ ರಾಜಿ ಮಾಡಿಕೊಂಡಿತು. ಆಗ ತಪ್ಪು ಒಪ್ಪಿಕೊಂಡಿರಲಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆಯೊಂದಿಗೆ 650 ಮಿಲಿಯನ್ ಡಾಲರಿನ ಇನ್ನೊಂದು ಒಪ್ಪಂದವಾಯಿತು. ಸಲಹೆಯೂ ಒಂದು ಕೃತ್ಯವೇ, ಬರೀ ಮಾತಲ್ಲ ಎಂಬುದು ಅಲ್ಲಿ ಕಾಗದದ ಮೇಲೆ ಬಂತು. ಆದರೆ ಅಷ್ಟು ದೊಡ್ಡ ಅನಾಹುತವಾಗದ, ಕಾನೂನಿನ ಕಣ್ಣಿಗೆ ತಪ್ಪೇ ಅಲ್ಲದ ಸಲಹೆಗಳೇ ನಮ್ಮ ಕೆಲಸದಲ್ಲಿ ಹೆಚ್ಚು. ಅಲ್ಲಿ ಲೆಕ್ಕ ಕೇಳುವವರು ಯಾರು?

ಆ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ತಪ್ಪು ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ನಾನು ರೈತರಿಗೆ ಮಾರು ಅಂತ ಹೇಳ್ತಿದ್ದೆ. ತಪ್ಪಾದ್ರೆ ಮಾರನೇ ದಿನ ಅದೇ ಬೀದೀಲಿ ಅವರ ಎದುರಿಗೆ ಓಡಾಡ್ಬೇಕಿತ್ತು. ಅದಕ್ಕೇ ಹುಷಾರಾಗಿ ಹೇಳ್ತಿದ್ದೆ ಕಣಮ್ಮ. ನಾನೇನು ಒಳ್ಳೆಯವನು ಅಂತಲ್ಲ’ ಎಂದರು.

ಆ ಕೊನೆಯ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಾನು ಈವರೆಗೆ ಇದನ್ನು ಒಳ್ಳೆಯತನದ ಪ್ರಶ್ನೆ ಎಂದುಕೊಂಡಿದ್ದೆ. ನನ್ನಲ್ಲಿ ಕರುಣೆ ಇದೆಯೇ, ಆತ್ಮಸಾಕ್ಷಿ ಇದೆಯೇ ಎಂದು ಒಳಗೇ ಹುಡುಕುತ್ತಿದ್ದೆ. ಅಪ್ಪ ಹೇಳಿದ್ದು ಅದಲ್ಲ. ಅವರನ್ನು ಎಚ್ಚರವಾಗಿಟ್ಟಿದ್ದು ಅವರ ಗುಣವಲ್ಲ, ಆ ಬೀದಿ. ನಮ್ಮ ವೃತ್ತಿಯಲ್ಲಿ ಆ ಬೀದಿಯೇ ಇಲ್ಲ. ಎಂಟು ವಾರ ಒಂದು ಕಡೆ, ಹನ್ನೆರಡು ವಾರ ಇನ್ನೊಂದು ಕಡೆ, ನಂತರ ವಿಮಾನ. ನಾವು ಹೇಳಿದ್ದು ಏನಾಯಿತು ಎಂದು ನೋಡಲು ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನಾವೆಲ್ಲ ಕೆಟ್ಟವರೆಂದಲ್ಲ. ಒಳ್ಳೆಯವರೂ ಎಚ್ಚರ ತಪ್ಪುವಂತೆ ಈ ಕೆಲಸದ ಏರ್ಪಾಡು ಇದೆ.

ನಾನು ಆ ಕೆಲಸಕ್ಕೆ ಸೇರಿದೆ. ಸಾಲವಿತ್ತು ಎನ್ನುವುದು ಪೂರ್ತಿ ಕಾರಣವಲ್ಲ, ಆಸೆಯೂ ಇತ್ತು. ಈಗ ನಾಲ್ಕನೇ ವರ್ಷ. ಈ ದಾರಿ ಹಿಡಿಯಬೇಕೆಂದಿರುವ ವಿದ್ಯಾರ್ಥಿಗಳು ನನ್ನನ್ನು ಕೇಳುವುದು ಕೇಸ್ ಹೇಗೆ ಬಿಡಿಸಬೇಕು, ಯಾವ ಸಂಸ್ಥೆ ಒಳ್ಳೆಯದು ಎಂದು. ಹೇಳಿಕೊಡುತ್ತೇನೆ. ಬರಬೇಡಿ ಎನ್ನುವ ಹಕ್ಕು ನನಗಿಲ್ಲ. ಬಂದವರಿಗೆ ಒಂದೇ ಒಂದು ಮಾತು ಸೇರಿಸುತ್ತೇನೆ. ಬೀದಿ ಇಲ್ಲದ ಕಡೆ ನೀವೇ ಒಂದು ಬೀದಿ ಮಾಡಿಕೊಳ್ಳಬೇಕಾಗುತ್ತದೆ. ನನ್ನ ಮಟ್ಟಿಗೆ ಅದು ಸಣ್ಣದು. ನನ್ನ ಯಾವ ವರದಿಯಲ್ಲಿಯೂ ‘ಇದರಿಂದ ಯಾರ ಕೆಲಸ ಹೋಗುತ್ತದೆ, ಅವರಿಗೆ ಏನು ವ್ಯವಸ್ಥೆ’ ಎಂಬ ಒಂದು ಪುಟ ಇಲ್ಲದೆ ಮುಂದೆ ಕಳಿಸುವುದಿಲ್ಲ. ಮೂರು ಸಲ ಆ ಪುಟವನ್ನು ಮೇಲಿನವರು ತೆಗೆದುಹಾಕಿದ್ದಾರೆ. ಎರಡು ಸಲ ಅದು ಉಳಿದಿದೆ. ಅವುಗಳಲ್ಲಿ ಒಂದು ಸಲ ಜನರನ್ನು ಬೇರೆ ಘಟಕಕ್ಕೆ ವರ್ಗ ಮಾಡಿದರು. ಯಾರನ್ನಾದರೂ ಪ್ರಶ್ನೆ ಕೇಳುವ ಮೊದಲು, ಅವರ ಉತ್ತರ ಯಾವುದಕ್ಕೆ ಬಳಕೆಯಾಗುತ್ತದೆ ಎಂದೂ ಹೇಳುತ್ತೇನೆ. ಅದರಿಂದ ನನಗೆ ಸಿಗುವ ಮಾಹಿತಿ ಕಡಿಮೆಯಾಗಿದೆ. ಅದು ನ್ಯಾಯವೆಂದೇ ಅನ್ನಿಸುತ್ತದೆ.

ಕಾಕಾ ಅವತ್ತು ನನ್ನ ನಂಬರು ಬರೆದುಕೊಂಡಿದ್ದರು. ಈಗಲೂ ಪ್ರತಿ ದೀಪಾವಳಿಗೆ ದೀಪದ ಚಿತ್ರವಿರುವ ಒಂದು ಶುಭಾಶಯ ಕಳಿಸುತ್ತಾರೆ. ಆ ಗೋದಾಮು ನಾನು ಹೊರಟ ವರ್ಷವೇ ಮುಚ್ಚಿತು. ಹನ್ನೊಂದನೇ ಗೆರೆ ಬರೆದದ್ದು ನಾನೆಂದು ಅವರಿಗೆ ಗೊತ್ತೋ ಇಲ್ಲವೋ ತಿಳಿಯದು. ನಾನು ‘ನಿಮಗೂ ಶುಭಾಶಯ ಕಾಕಾ’ ಎಂದು ಉತ್ತರಿಸುತ್ತೇನೆ. ಈಗ ಏನು ಮಾಡುತ್ತಿದ್ದೀರಿ ಎಂದು ಇದುವರೆಗೆ ಕೇಳಿಲ್ಲ. ಈ ವರ್ಷ ಫೋನ್ ಮಾಡಬೇಕು.