ಹಸಿದವನ ವಿಚಾರಣೆ: ಲಂಡನ್ನಿನ ಯೆಹೂದಿ ಪಾಲಕ ಮಂಡಳಿಯ ಧರ್ಮಸಂಕಟ

ಬೇಡಿ ಬಂದವನ ಅರ್ಹತೆಯನ್ನು ಪರೀಕ್ಷಿಸುವ ಅಧಿಕಾರ ಕೊಡುವವನಿಗೆ ಇದೆಯೇ ಎಂಬ ಪ್ರಶ್ನೆಯನ್ನು ಯೆಹೂದಿ ಧರ್ಮಶಾಸ್ತ್ರ ಬಹಳ ಹಿಂದೆಯೇ ಎತ್ತಿಕೊಂಡು, ಒಂದೇ ಮಾತಿನ ಉತ್ತರ ಕೊಡದೆ, ಬೇಡಿಕೆ ಎಂಥದ್ದೆಂಬುದನ್ನು ನೋಡಿ ನಿರ್ಣಯಿಸಿತು. ಹನ್ನೆರಡನೆಯ ಶತಮಾನದಲ್ಲಿ ಕೈರೋದಲ್ಲಿ ನೆಲೆಸಿದ್ದ ತತ್ತ್ವಜ್ಞಾನಿ ಮೈಮೊನಿಡೀಸ್ ತನ್ನ ‘ಮಿಶ್ನೆ ತೋರಾ’ ಎಂಬ ಧರ್ಮಸಂಹಿತೆಯಲ್ಲಿ ಕ್ರೋಡೀಕರಿಸಿದ ನಿಯಮದಂತೆ, ಅಪರಿಚಿತನು ಬಟ್ಟೆ ಕೇಳಿದರೆ ಅವನು ಮೋಸಗಾರನೇ ಎಂದು ವಿಚಾರಿಸಬಹುದು. ಅನ್ನ ಕೇಳಿದರೆ ವಿಚಾರಣೆಯಿಲ್ಲದೆ ಉಣಬಡಿಸಬೇಕು. ಈ ವಿವೇಚನೆಗೆ ಅನುಗುಣವಾಗಿಯೇ ತಾಲ್ಮುದ್ ಎಂಬ ಪ್ರಾಚೀನ ಧರ್ಮಶಾಸ್ತ್ರ ಸಂಕಲನದ ಕಾಲದ ಊರುಗಳಲ್ಲಿ ಎರಡು ವ್ಯವಸ್ಥೆಗಳ ಕಲ್ಪನೆಯಿತ್ತು: ದಿನವೂ ಆಹಾರವನ್ನು ಸಂಗ್ರಹಿಸಿ ಯಾರಿಗಾದರೂ ಹಂಚುವ ‘ತಂಹೂಯ್’, ಮತ್ತು ವಾರಕ್ಕೊಮ್ಮೆ ಆ ಊರಿನ ಬಡವರಿಗಷ್ಟೇ ಹಣ ಕೊಡುವ ‘ಕುಪ್ಪಾ’ ಎಂಬ ನಿಧಿ. ಕುಪ್ಪಾದ ಹಂಚಿಕೆಗೆ ಮೂವರು ಬೇಕೆಂದು ವಿಧಿಸಿದ್ದು, ಅದನ್ನು ಹಣದ ವ್ಯಾಜ್ಯದ ತೀರ್ಪಿಗೆ ಸಮಾನವೆಂದು ಬಗೆದದ್ದರಿಂದ.

1859ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಯೆಹೂದಿ ಬಡವರ ಪಾಲಕ ಮಂಡಳಿಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಅದು ತಂಹೂಯ್ ಇಲ್ಲದ ಕುಪ್ಪಾ ಆಗಿತ್ತೆನ್ನಬಹುದು. ನಗರದ ಗ್ರೇಟ್, ಹ್ಯಾಂಬ್ರೋ ಮತ್ತು ನ್ಯೂ ಎಂಬ ಮೂರು ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪಿನ ಸಂಪ್ರದಾಯದ) ಪ್ರಾರ್ಥನಾಮಂದಿರಗಳು, ಅಂದರೆ ಸಿನಗಾಗ್‌ಗಳು, ತಮ್ಮಲ್ಲಿ ಯಾವುದಕ್ಕೂ ಸೇರದ ‘ಪರದೇಶಿ ಬಡವರ’ ಹೊರೆಯನ್ನು ತಂತಮ್ಮಲ್ಲಿ ಹಂಚಿಕೊಳ್ಳುವ ಹಳೆಯ ಪದ್ಧತಿಯನ್ನು ಬಿಟ್ಟು, ಅದನ್ನೆಲ್ಲ ಈ ಹೊಸ ಮಂಡಳಿಗೆ ಒಪ್ಪಿಸಿದವು. ಎಫ್ರಾಯಿಮ್ ಅಲೆಕ್ಸ್ ಮೊದಲ ಅಧ್ಯಕ್ಷನಾದ, ಲಯನೆಲ್ ಲೂಯಿ ಕೋಹೆನ್ ಕಾರ್ಯದರ್ಶಿಯಾಗಿ ದುಡಿದು ಮುಂದೆ ಅಧ್ಯಕ್ಷಸ್ಥಾನಕ್ಕೇರಿದ. ಮಂಡಳಿಯ ಹೆಸರು ಸಿನಗಾಗಿನಿಂದ ಬಂದದ್ದಲ್ಲ, 1834ರ ಇಂಗ್ಲಿಷ್ ಬಡವರ ಕಾನೂನು ನೇಮಿಸಿದ ‘ಪಾಲಕ’ರಿಂದ ಬಂದದ್ದು, ಮತ್ತು ಹೆಸರಿನ ಜೊತೆಗೆ ಬೇಡುವವನ ಬಗ್ಗೆ ಆ ಕಾನೂನಿಗಿದ್ದ ಸಂಶಯವೂ ಸ್ವಲ್ಪ ಒಳಗೆ ಬಂತು. ಯೋಗ್ಯ ಬಡವ, ಅಯೋಗ್ಯ ಬಡವ ಎಂಬ ವಿಕ್ಟೋರಿಯಾ ಯುಗದ ವಿಂಗಡಣೆಯನ್ನು ಮಂಡಳಿ ಪೂರ್ತಿಯಾಗಿ ಒಪ್ಪಿತೆಂದು ಹೇಳುವುದು ಅನ್ಯಾಯವಾದರೂ, ಅರ್ಜಿದಾರನ ಮನೆ, ದುಡಿಮೆ, ನಡತೆಗಳ ತನಿಖೆ ಅದರ ಕಾರ್ಯವಿಧಾನದ ಬೆನ್ನೆಲುಬಾಗಿತ್ತು.

ತನಿಖೆ ದಾಟಿ ಒಳಗೆ ಬಂದವನಿಗೆ ಸಿಕ್ಕಿದ ನೆರವು ಮಾತ್ರ ಶಾಸ್ತ್ರದ ಅತ್ಯುತ್ತಮ ಮಾದರಿಗೆ ಹತ್ತಿರವಾಗಿತ್ತು. ‘ತ್ಸೆದಾಕಾ’ ಎಂದು ಕರೆಯಲಾಗುವ ದಾನಕರ್ತವ್ಯಕ್ಕೆ ಮೈಮೊನಿಡೀಸ್ ಎಂಟು ಮೆಟ್ಟಿಲುಗಳನ್ನು ಹೇಳಿ, ಬೀಳುತ್ತಿರುವವನಿಗೆ ಕೊಡುಗೆ, ಸಾಲ, ಪಾಲುದಾರಿಕೆ ಅಥವಾ ಕೆಲಸ ಕೊಟ್ಟು ಅವನು ಮತ್ತೆ ಕೈಯೊಡ್ಡದಂತೆ ಮಾಡುವುದನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದಾನೆ. ಮಂಡಳಿಯೂ ಸಾಲ ಕೊಟ್ಟಿತು, ಹುಡುಗರನ್ನು ಕಸುಬು ಕಲಿಯಲು ಹಚ್ಚಿತು, ದರ್ಜಿಗಳಿಗೆ ಹೊಲಿಗೆ ಯಂತ್ರ ಒದಗಿಸಿತು. ಸ್ವಾವಲಂಬನೆಯನ್ನು ಮೆಚ್ಚುವ ಇಂಗ್ಲಿಷ್ ಅರ್ಥಶಾಸ್ತ್ರವೂ ಕೈರೋದ ಈ ಪಂಡಿತನ ಉಪದೇಶವೂ ಇಲ್ಲಿ ಒಂದೇ ಕಡೆ ಬೆರಳು ತೋರಿಸಿದ್ದರಿಂದ, ತಾವು ಯಾವುದನ್ನು ಅನುಸರಿಸುತ್ತಿದ್ದೇವೆ ಎಂದು ಮಂಡಳಿಯವರು ಕೇಳಿಕೊಳ್ಳಬೇಕಾದ ಪ್ರಸಂಗವೇ ಬರಲಿಲ್ಲ.

ಆ ಪ್ರಸಂಗ ಬಂದದ್ದು ಹೊಸದಾಗಿ ಬಂದಿಳಿದವರ ವಿಷಯದಲ್ಲಿ. ಲಂಡನ್ನಿನಲ್ಲಿ ಆರು ತಿಂಗಳು ವಾಸಿಸದವನಿಗೆ ನೆರವಿಲ್ಲವೆಂಬ ನಿಯಮ ಮಂಡಳಿಯಲ್ಲಿತ್ತು; 1881ರ ನಂತರ ರಷ್ಯಾ ಸಾಮ್ರಾಜ್ಯದಲ್ಲಿ ನಡೆದ ಪೋಗ್ರೋಮ್‌ಗಳು, ಅಂದರೆ ಯೆಹೂದಿಗಳ ಮೇಲಿನ ಸಾಮೂಹಿಕ ದಾಳಿಗಳು, ಮತ್ತು ಅವುಗಳಿಗೂ ಮಿಗಿಲಾಗಿ ಅಲ್ಲಿನ ದಾರಿದ್ರ್ಯ, ಸಾವಿರಾರು ಜನರನ್ನು ಪೂರ್ವ ಲಂಡನ್ನಿಗೆ ತಂದಾಗ ಈ ನಿಯಮದ ಕಾಠಿಣ್ಯ ಎದ್ದು ಕಂಡಿತು. ವಾಸದ ಅವಧಿಯ ಲೆಕ್ಕ ತಾಲ್ಮುದ್‌ನ ಬಾವಾ ಬಾತ್ರಾ ಭಾಗದಲ್ಲೂ ಇದೆ. ಆದರೆ ತಂಹೂಯ್‌ಗೆ ಮೂವತ್ತು ದಿನ, ಕುಪ್ಪಾಕ್ಕೆ ಮೂರು ತಿಂಗಳು ಎಂಬ ಆ ಗಡುವುಗಳ ಚರ್ಚೆ ಅಲ್ಲಿ ಬರುವುದು ಊರಿಗೆ ಬಂದವನು ಎಂದಿನಿಂದ ವಂತಿಗೆ ಕೊಡಬೇಕು ಎಂಬ ಸಂದರ್ಭದಲ್ಲಿ. ಕೊಡುವವನ ಹೊಣೆಗೆ ಹಾಕಿದ ಅಳತೆಗೋಲು ಲಂಡನ್ನಿನಲ್ಲಿ ಪಡೆಯುವವನ ಹೊಟ್ಟೆಗೆ ಬಂತು. ವಲಸಿಗರ ವಿರುದ್ಧ ನಗರದಲ್ಲಿ ಬೆಳೆಯುತ್ತಿದ್ದ ಅಸಹನೆ ನೆಲೆನಿಂತ ಯೆಹೂದಿಗಳನ್ನೂ ಸುಡಬಹುದೆಂಬ ಮಂಡಳಿಯ ಭಯ ಸುಳ್ಳೇನಲ್ಲ, ವಲಸೆಯನ್ನು ನಿರ್ಬಂಧಿಸಿದ 1905ರ ವಿದೇಶೀಯರ ಕಾಯ್ದೆ ಅದನ್ನು ದೃಢಪಡಿಸಿತು; ಆದರೂ ಭಯವನ್ನು ಧರ್ಮದ ಲೆಕ್ಕಕ್ಕೆ ಬರೆಯಲಾಗದು. ಅನೇಕರನ್ನು ಮಂಡಳಿ ತಾಯ್ನಾಡಿಗೆ ಮರಳಿ ಕಳುಹಿಸಿತು, ಮತ್ತು 1888ರಲ್ಲಿ ಮುಖ್ಯ ರಬ್ಬಿ (ಧರ್ಮಗುರು) ನಾಥನ್ ಆಡ್ಲರ್ ಸ್ವತಃ ಪೂರ್ವ ಯುರೋಪಿನ ರಬ್ಬಿಗಳಿಗೆ ಪತ್ರ ಬರೆದು, ಜನರನ್ನು ಇಂಗ್ಲೆಂಡಿಗೆ ಬಾರದಂತೆ ತಡೆಯಬೇಕೆಂದು ಕೋರಿದ.

ಮರೆತುಹೋದ ತಂಹೂಯ್ ಮಂಡಳಿಯ ಹೊರಗಿನಿಂದ ಮರಳಿ ಬಂತು. ಸೈಮನ್ ಕೋಹೆನ್ ಎಂಬ ರೊಟ್ಟಿ ವ್ಯಾಪಾರಿ ವಲಸಿಗರಿಗೆ ತೆರೆದಿಟ್ಟ ಆಶ್ರಯವು ಅನಾರೋಗ್ಯಕರವೆಂಬ ಕಾರಣಕ್ಕೆ 1885ರಲ್ಲಿ ಮಂಡಳಿಯ ಒತ್ತಾಯದಿಂದ ಮುಚ್ಚಿದಾಗ, ಪೋಲೆಂಡಿನಲ್ಲಿ ಹುಟ್ಟಿದ ಬ್ಯಾಂಕರ್ ಹರ್ಮನ್ ಲಾಂಡೌ ಮೊದಲಾದವರು ಅದೇ ವರ್ಷ ಬಡ ಯೆಹೂದಿಗಳ ತಾತ್ಕಾಲಿಕ ಆಶ್ರಯಧಾಮವನ್ನು ಸ್ಥಾಪಿಸಿದರು. ಹಡಗಿನಿಂದ ಇಳಿದವನಿಗೆ ಅಲ್ಲಿ ಹಾಸಿಗೆಯೂ ಊಟವೂ ಸಿಗುತ್ತಿದ್ದವು. ಇದು ಇನ್ನಷ್ಟು ನಿರ್ಗತಿಕರನ್ನು ಸೆಳೆಯುತ್ತದೆಂದು ಆಕ್ಷೇಪಿಸಿದವರನ್ನು ಸಮಾಧಾನಪಡಿಸಲೆಂದೋ, ತಮಗೇ ಹಾಗೆ ಅನ್ನಿಸಿದ್ದರಿಂದಲೋ, ಸ್ಥಾಪಕರು ಕೈಗೆ ಹಣ ಕೊಡುವುದನ್ನು ನಿಷೇಧಿಸಿ, ಒಬ್ಬನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಅಲ್ಲಿರಕೂಡದೆಂದು ಗೊತ್ತುಮಾಡಿದರು.