ಅಂಗವೈಕಲ್ಯವೂ ಕರ್ಮಾಧಿಕಾರವೂ

ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಧಿಕಾರದ ವಿಚಾರ ಬರುತ್ತದೆ. ಧನವಿಲ್ಲದವನಿಗೆ ಯಜ್ಞಾಧಿಕಾರವುಂಟೆ? ವಿಕಲಾಂಗನಿಗೆ ಉಂಟೆ? ಧನವನ್ನು ಸಂಪಾದಿಸಬಹುದು, ಆದುದರಿಂದ ದರಿದ್ರನಿಗೂ ಅಧಿಕಾರವುಂಟು. ವೈಕಲ್ಯವು ಪರಿಹಾರಕ್ಕೆ ಒಳಪಡುವಂತಹುದಾದರೆ ವಿಕಲಾಂಗನಿಗೂ ಉಂಟು; ಪರಿಹಾರವೇ ಇಲ್ಲದ್ದಾದರೆ ಇಲ್ಲ ಎಂಬುದು ಜೈಮಿನಿಯ ನಿರ್ಣಯ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ನನಗೆ ಯಾವ ಸಂದೇಹವೂ ಹುಟ್ಟಲಿಲ್ಲ. ಉಪಾಧ್ಯಾಯವೃತ್ತಿಯಲ್ಲಿ ಬಹುಕಾಲ ಕಳೆದ ಮೇಲೆ ಹುಟ್ಟಿತು.

ಶಿವಮೊಗ್ಗೆಯಲ್ಲಿ ನಾನಿದ್ದ ಶಾಲೆಯಲ್ಲಿ ನನಗಿಂತ ಹಿರಿಯರಾದ ಕನ್ನಡ ಪಂಡಿತರೊಬ್ಬರಿದ್ದರು. ಅವರ ದೃಷ್ಟಿಯು ವರ್ಷದಿಂದ ವರ್ಷಕ್ಕೆ ಮಂದವಾಗಿ ಕಡೆಗೆ ಅಕ್ಷರ ಕಾಣದಂತಾಯಿತು. ಅವರನ್ನು ಯಾರೂ ಮನೆಗೆ ಕಳುಹಿಸಲಿಲ್ಲ, ಸಂಬಳವೂ ತಪ್ಪಲಿಲ್ಲ. ಆದರೆ ಅವರ ತರಗತಿಗಳನ್ನು ಉಳಿದವರು ಹಂಚಿಕೊಂಡೆವು. ಅವರಿಗೆ ಕಿಟಕಿಯ ಬಳಿ ಒಂದು ಕುರ್ಚಿ ಹಾಕಿಸಿದೆವು. "ತಾವು ಶ್ರಮಪಡಬೇಡಿ" ಎಂದವರಲ್ಲಿ ನಾನೇ ಮೊದಲಿಗ. ಒಂದು ದಿನ ಪಕ್ಕದ ತರಗತಿಯಲ್ಲಿ ಹುಡುಗನೊಬ್ಬನು ಷಟ್ಪದಿಯನ್ನು ಗಣತಪ್ಪಿ ಓದುವುದು ಕೇಳಿಬಂದಿತು. ಪಂಡಿತರು ಕುಳಿತಲ್ಲಿಂದಲೇ ತಿದ್ದಿದರು. ಕೇಳಲು ಎದುರಿಗೆ ಶಿಷ್ಯರಿರಲಿಲ್ಲ. ನನ್ನ ಕಡೆ ತಿರುಗಿ, "ಮೇಷ್ಟ್ರೇ, ಕಣ್ಣು ಹೋದದ್ದಕ್ಕೆ ನಾನು ಅಷ್ಟು ಅಳಲಿಲ್ಲ. ಹುಡುಗರನ್ನಾದರೂ ನನಗೆ ಬಿಡಬಹುದಾಗಿತ್ತಲ್ಲ" ಎಂದರು.

ನಾವು ಮಾಡಿದ್ದು ದಯೆಯೆಂದು ನಾವು ನಂಬಿದ್ದೆವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ನೂರಾರು ಮಂದಿಗೆ ಗುರುಗಳಾದರೆಂದು ಹುಡುಗರಿಗೆ ಕಥೆ ಹೇಳಿ ಕೈಮುಗಿಯುತ್ತಿದ್ದವರೂ ನಾವೇ!

ಈ ವಿಷಯದಲ್ಲಿ ಕಾನೂನು ನಮ್ಮ ಮನಸ್ಸಿಗಿಂತ ಮುಂದೆ ಹೋಗಿದೆ. ಸೇವೆಯಲ್ಲಿರುವಾಗ ವೈಕಲ್ಯವುಂಟಾದವನನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕಕೂಡದು, ಹುದ್ದೆಯಲ್ಲಿ ಇಳಿಸಕೂಡದು ಎಂದು 1995ರ ಅಧಿನಿಯಮವೇ ವಿಧಿಸಿತ್ತು. ಕಾಲು ಕಳೆದುಕೊಂಡ ಪೇದೆ ಕುನಾಲ್ ಸಿಂಗನ ಮೊಕದ್ದಮೆಯಲ್ಲಿ, ಪಿಂಚಣಿ ಕೊಟ್ಟ ಮಾತ್ರಕ್ಕೆ ಈ ರಕ್ಷಣೆ ತಪ್ಪದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪಿತ್ತಿತು. 2016ರ ಅಧಿನಿಯಮವು ಸರ್ಕಾರಿ ಹುದ್ದೆಗಳಲ್ಲಿ ನೂರಕ್ಕೆ 4ರಷ್ಟನ್ನು ಮೀಸಲಿಟ್ಟುದಲ್ಲದೆ, ನೌಕರನಿಗೆ ಬೇಕಾದ ಸಮಂಜಸ ಅನುಕೂಲಗಳನ್ನು ಒದಗಿಸುವುದು ಸಂಸ್ಥೆಯ ಕರ್ತವ್ಯವೆಂದಿತು.

ಅನುಕೂಲವೆಂದರೇನೆಂಬುದನ್ನು ನಾನು ಕಂಡದ್ದು ಭದ್ರಾವತಿಯಲ್ಲಿ. 1923ರಲ್ಲಿ ಅಲ್ಲಿಯ ಕಬ್ಬಿಣದ ಕುಲುಮೆ ಉರಿಯತೊಡಗಿತು. ಅದೇ ವರ್ಷ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರದ ಕಾನೂನಾಯಿತು; ಯಾವ ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ನೂರಕ್ಕೆ ಎಷ್ಟು ನಷ್ಟವೆಂದು ಅದರಲ್ಲಿ ಪಟ್ಟಿಯಿತ್ತು. ಆ ಊರಿನ ಒಂದು ವರ್ಕ್‌ಷಾಪಿನಲ್ಲಿ ಲೇತ್ ಕೆಲಸಮಾಡುತ್ತಿದ್ದ ನನ್ನ ಶಿಷ್ಯನೊಬ್ಬನು ರಸ್ತೆಯ ಅಪಘಾತದಲ್ಲಿ ಬಲಗೈಯ ಮೂರು ಬೆರಳುಗಳನ್ನು ಕಳೆದುಕೊಂಡನು. ಅವನು ಹಿಂದಿರುಗಿದ ದಿನ ಮೇಸ್ತ್ರಿಯು ಪಟ್ಟಿ ನೋಡಲಿಲ್ಲ. "ನಿನ್ನಿಂದ ಯಾವುದಾಗುತ್ತದೆ, ಅದಕ್ಕೆ ನಿನಗೇನು ಬೇಕು, ನೀನೇ ಹೇಳಪ್ಪ" ಎಂದನು. ಉಪಕರಣಗಳ ಹಲಗೆ ಎಡಗಡೆಗೆ ಬಂದಿತು. ಭಾರ ಎತ್ತಲು ಜೊತೆಗಾರನೊಬ್ಬನು ನಿಂತನು. ಈಗ ಹೊಸ ಹುಡುಗರಿಗೆ ಅಳತೆ ಹಿಡಿಯುವುದನ್ನು ಕಲಿಸುವವನು ಅವನೇ.

ಇಲ್ಲಿ ಒಂದು ಆಕ್ಷೇಪವುಂಟು: ಎಲ್ಲ ಕೆಲಸವೂ ಎಲ್ಲರಿಂದಾದೀತೆ? ಆಗದು. ಕಣ್ಣು ಕಾಣದವರ ಕೈಗೆ ಬಸ್ಸನ್ನು ಕೊಡಲಾಗದು. ಅವರಿಗೆ ಬೇರೆ ಕೆಲಸವನ್ನು ಹುಡುಕಬೇಕು. ಆದರೆ ಕೆಲಸಕ್ಕೆ ಅತ್ಯಗತ್ಯವಾದುದು ಯಾವುದು, ನಮಗೆ ಕೇವಲ ರೂಢಿಯಾದುದು ಯಾವುದು ಎಂಬ ವಿವೇಕವು ಮೊದಲು ಬೇಕು. ಛಂದಸ್ಸನ್ನು ಕಲಿಸಲು ಬೇಕಾದುದು ಕಿವಿ. ಉತ್ತರಪತ್ರಿಕೆಗಳನ್ನು ಓದಿಹೇಳಲು ನಮ್ಮಲ್ಲೊಬ್ಬರು ದಿನಕ್ಕೆ ಅರ್ಧ ಗಂಟೆ ಕುಳಿತಿದ್ದರೆ ಸಾಕಾಗಿತ್ತು.

ಜೈಮಿನಿಯ ಸೂತ್ರದಲ್ಲಿ ನನಗೆ ಹುಟ್ಟಿದ ಸಂದೇಹ ಇದೇ. ಪರಿಹಾರವೆಂದರೆ ಅಂದು ದೇಹಕ್ಕೆ ಮಾಡುವ ಚಿಕಿತ್ಸೆ. ಇಂದು ಮೆಟ್ಟಿಲಿನ ಪಕ್ಕದ ಇಳಿಜಾರು, ಬರಹವನ್ನು ಓದಿಹೇಳುವ ಕಂಪ್ಯೂಟರು, ಸಹೋದ್ಯೋಗಿಯ ಅರ್ಧ ಗಂಟೆ, ಇವೂ ಪರಿಹಾರಗಳೇ. ಹೀಗಿರುವಾಗ ಒಬ್ಬನ ವೈಕಲ್ಯವನ್ನು ಪರಿಹಾರವಿಲ್ಲದ್ದೆಂದು ತೀರ್ಮಾನಿಸುವ ಮೊದಲು ನಮ್ಮ ಪ್ರಯತ್ನವು ಮುಗಿದಿದೆಯೆ ಎಂದು ನೋಡಿಕೊಳ್ಳಬೇಡವೆ?

ಪಂಡಿತರು ನಿವೃತ್ತರಾದ ದಿನ ಅವರಿಗೆ ಹಾರ ಹಾಕಿ ಶಾಲು ಹೊದೆಸಿದೆವು. ಅವರು ಈಗಿಲ್ಲ. ಕಚೇರಿಗಳನ್ನೂ ಶಾಲೆಗಳನ್ನೂ ನಡೆಯಿಸುವ ಮಹನೀಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಕುರ್ಚಿ ಹಾಕಿಸುವ ಮೊದಲು, ಏನು ಬೇಕೆಂದು ಅವರನ್ನೇ ಕೇಳಿರಿ. ನಾನು ಕೇಳಲಿಲ್ಲ.